ಧಾರವಾಡದ ಅರ್ಜಿ, ಕ್ಲಾರ್ಕ್ ದಂಪತಿಯ ಗೊಂಬೆ

1856ರ ಜೂನ್‌ನಲ್ಲಿ ಅಸ್ಪೃಶ್ಯರೆನಿಸಿದ್ದ ಮಹಾರ ಜಾತಿಯ ಹುಡುಗನೊಬ್ಬ ಧಾರವಾಡದ ಸರಕಾರಿ ಶಾಲೆಗೆ ತನ್ನನ್ನು ಸೇರಿಸಿಕೊಳ್ಳಬೇಕೆಂದು ಮುಂಬಯಿ ಸರಕಾರಕ್ಕೆ ಅರ್ಜಿ ಬರೆದ. ಅದಕ್ಕೆ ಸರಕಾರ ಕೊಟ್ಟ ಜುಲೈ 21ರ ಆದೇಶ ವಿಚಿತ್ರವಾಗಿದೆ: ನ್ಯಾಯ ಹುಡುಗನ ಕಡೆಗಿದೆ ಎಂದು ಒಪ್ಪಿಕೊಳ್ಳುತ್ತದೆ, ಒಬ್ಬನಿಗಾಗಿ ತಲೆತಲಾಂತರದ ನಂಬಿಕೆಗೆ ಕೈಹಾಕಿದರೆ ಶಿಕ್ಷಣಕ್ಕೇ ಪೆಟ್ಟು ಎಂದು ಬಾಗಿಲೂ ಮುಚ್ಚುತ್ತದೆ. ಸರಕಾರಿ ಶಾಲೆ ಎಲ್ಲರದೂ ಎಂದು ಈಸ್ಟ್ ಇಂಡಿಯಾ ಕಂಪನಿಯ ಲಂಡನ್ನಿನ ನಿರ್ದೇಶಕ ಮಂಡಳಿ ಹೇಳಿದ್ದು 1858ರಲ್ಲಿ. ಈ ಪ್ರಕರಣವನ್ನು ಅಂಬೇಡ್ಕರ್ 1928ರಲ್ಲಿ ಸೈಮನ್ ಆಯೋಗದ ಮುಂದಿಟ್ಟರು.

ಆದೇಶ ತೂಗಿದ್ದು ಮೇಲ್ಜಾತಿಯವರ ಮುನಿಸನ್ನು. ಹೊರಗುಳಿದವನ ಮನಸ್ಸಿಗೆ ಏನಾಗುತ್ತದೆ ಎಂಬುದು ಅಲ್ಲಿ ಪ್ರಶ್ನೆಯೇ ಅಲ್ಲ.

ಆ ಪ್ರಶ್ನೆಯನ್ನು ಅಮೆರಿಕದಲ್ಲಿ ಎತ್ತಿದವರು ಮನಶ್ಶಾಸ್ತ್ರಜ್ಞ ದಂಪತಿ ಮೇಮಿ ಮತ್ತು ಕೆನೆತ್ ಕ್ಲಾರ್ಕ್. ಬಣ್ಣವೊಂದು ಬಿಟ್ಟರೆ ತದ್ರೂಪಾದ ಗೊಂಬೆಗಳನ್ನು ಮೂರರಿಂದ ಏಳು ವರ್ಷದ 253 ಕರಿಯ ಮಕ್ಕಳ ಮುಂದಿಟ್ಟು, ಆಡಲು ಯಾವುದು ಬೇಕು, ಯಾವುದು ಕೆಟ್ಟದ್ದು ಎಂದು ಕೇಳುತ್ತ ಹೋದರು. ಮೂರರಲ್ಲಿ ಎರಡು ಪಾಲು ಮಕ್ಕಳು ಆಡಲು ಬಿಳಿ ಗೊಂಬೆ ಬೇಡಿದರು. ನಿನ್ನ ಹಾಗಿರುವುದು ಯಾವುದು ಎಂಬ ಪ್ರಶ್ನೆ ಕೊನೆಗೆ. ಅಲ್ಲಿ ಕೆಲವರು ಅತ್ತರು, ಕೋಣೆಯಿಂದ ಓಡಿದವರೂ ಇದ್ದರು. 1954ರ ಮೇ 17ರಂದು ಬ್ರೌನ್ ಪ್ರಕರಣದಲ್ಲಿ ಶಾಲೆಗಳಲ್ಲಿ ಕರಿಯ-ಬಿಳಿಯ ಮಕ್ಕಳ ಪ್ರತ್ಯೇಕತೆಯನ್ನು ಅಸಾಂವಿಧಾನಿಕವೆಂದ ಅಮೆರಿಕದ ಸುಪ್ರೀಂ ಕೋರ್ಟ್, 11ನೆಯ ಅಡಿಟಿಪ್ಪಣಿಯಲ್ಲಿ ಕೆನೆತ್ ಕ್ಲಾರ್ಕರ ಬರಹವನ್ನು ಹೆಸರಿಸಿತು.

ಆದರೆ ಗೊಂಬೆಯ ಸಾಕ್ಷ್ಯವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಬಿಳಿ ಗೊಂಬೆಯ ಒಲವು ದಕ್ಷಿಣದ ಪ್ರತ್ಯೇಕ ಶಾಲೆಗಳಿಗಿಂತ ಉತ್ತರದ ಬೆರಕೆ ಶಾಲೆಗಳಲ್ಲೇ ತುಸು ಹೆಚ್ಚಿತ್ತು. ಟೀಕಾಕಾರರು ಇದನ್ನೇ ಹಿಡಿದರು. ನನಗೆ ಕಾಣುವಂತೆ ಇದರಿಂದ, ಪ್ರತ್ಯೇಕತೆ ಮಕ್ಕಳಲ್ಲಿ ಕೀಳರಿಮೆ ಬಿತ್ತುತ್ತದೆ ಎಂಬ ಕ್ಲಾರ್ಕರ ವಾದ ಬೀಳುವುದಿಲ್ಲ, ಅದರ ಗುರಿ ಬದಲಾಗುತ್ತದೆ: ಕೀಳರಿಮೆಯ ಬೇರು ಶಾಲೆಯ ಗೋಡೆಗಿಂತ ಆಚೆಗೂ ಹರಡಿದೆ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಅರ್ಥಶಾಸ್ತ್ರಜ್ಞೆಯರು ಉತ್ತರ ಪ್ರದೇಶದ ಹಳ್ಳಿ ಹುಡುಗರಿಗೆ ದಾರಿ ಹುಡುಕುವ ಒಗಟುಗಳನ್ನು ಬಿಡಿಸಲು ಕೊಟ್ಟಾಗಲೂ ಇದೇ ಕಂಡಿತು. ಜಾತಿ ಹೇಳದಿದ್ದಾಗ ಎಲ್ಲರೂ ಸರಿಸಮ. ಎಲ್ಲರೆದುರು ಜಾತಿ ಓದಿ ಹೇಳಿದೊಡನೆ ಕೆಳಜಾತಿಯ ಹುಡುಗರ ಸಾಧನೆ ಕುಗ್ಗಿತು.

ನಮ್ಮ ಕಡೆಯ ಶಾಲೆಗಳಲ್ಲಿ ಸ್ಕಾಲರ್‌ಶಿಪ್ ಅರ್ಜಿ ತುಂಬಿಸುವ ದಿನ ನೆನಪಿರುವವರಿಗೆ ಆ ಪ್ರಯೋಗ ಹೊಸದಲ್ಲ. ಹಾಜರಿ ಪುಸ್ತಕ ತೆರೆದು, ಎಸ್ಸಿ-ಎಸ್ಟಿ ಹುಡುಗರು ಎದ್ದು ನಿಲ್ಲಿ ಎಂದು ಮಾಸ್ತರರು ಕೂಗುತ್ತಾರೆ. ಆವರೆಗೆ ಲೆಕ್ಕ ಬಿಡಿಸುತ್ತಿದ್ದ ಹುಡುಗ ಪಾಟಿಯನ್ನು ಬೋರಲು ಹಾಕಿ ಏಳುತ್ತಾನೆ.