ಖಡ್ಗವನ್ನು ಒರೆಗೆ ಸೇರಿಸಿದ ದಂಡನಾಯಕ

ಅಧಿಕಾರವನ್ನು ಗೆಲ್ಲುವುದಕ್ಕೆ ಬಲ ಸಾಕು. ಅದನ್ನು ಒಪ್ಪಿಸಿ ಹಿಂದಿರುಗುವುದಕ್ಕೆ ಸಂಯಮ ಬೇಕು. ಮೇಜರ್ ಜನರಲ್ ಜಯಂತನಾಥ ಚೌಧುರಿಯವರ (1908-1983) ಜೀವನವು ಇದಕ್ಕೆ ನಿದರ್ಶನ.

1948ನೆಯ ಸೆಪ್ಟೆಂಬರ್ 13ರಂದು ಭಾರತದ ಸೇನೆಯು ಹೈದರಾಬಾದು ಸಂಸ್ಥಾನವನ್ನು ಹೊಕ್ಕಿತು. ಐದೇ ದಿನಗಳಲ್ಲಿ ನಿಜಾಮರ ಸೈನ್ಯವು ಶರಣಾಯಿತು. ಬೀದರ, ಕಲಬುರಗಿ, ರಾಯಚೂರುಗಳ ಕನ್ನಡಿಗರನ್ನೊಳಗೊಂಡ ಆ ನಾಡಿಗೆ ಚೌಧುರಿಯವರು ಸೈನಿಕ ರಾಜ್ಯಪಾಲರಾದರು. ರಜಾಕಾರರ ಹಾವಳಿ ಅಡಗಿತು; 1949ರಲ್ಲಿ ಜಾಗೀರುಗಳು ರದ್ದಾದುವು. ಆದರೆ ಶರಣಾಗತಿಯ ಬೆನ್ನಿಗೇ ಸಹಸ್ರಾರು ಮುಸಲ್ಮಾನರು ಹತರಾದರೆಂದು ಸುಂದರಲಾಲ್ ಸಮಿತಿಯು ಬರೆದಿಟ್ಟಿದೆ. ಚರಿತ್ರಕಾರನು ಈ ಪುಟವನ್ನು ಮುಚ್ಚಿಡಲಾಗದು.

ಕೇಂದ್ರ ಸರ್ಕಾರದ ಅಪ್ಪಣೆಯಿಂದ ಏರಿದ ಪೀಠವನ್ನು ಚೌಧುರಿಯವರು ಅದರ ಅಪ್ಪಣೆಯಂತೆಯೇ ಇಳಿದರು. 1950ರ ಜನವರಿಯಲ್ಲಿ ವೆಲ್ಲೋಡಿಯವರ ನಾಗರಿಕ ಆಡಳಿತವೂ, 1952ರಲ್ಲಿ ಜನರಾರಿಸಿದ ಬೂರ್ಗುಲ ರಾಮಕೃಷ್ಣರಾಯರ ಮಂತ್ರಿಮಂಡಲವೂ ಬಂದುವು. ಚೌಧುರಿಯವರು ಸೇನೆಗೆ ಮರಳಿ, 1962ರಲ್ಲಿ ಅದರ ಮುಖ್ಯಸ್ಥರಾದರು.

ಮಲ್ಪೆಯ ಕಡಲತಡಿಗೆ ಇದು ದೂರದ ಕಥೆಯೆನ್ನಬೇಡಿ. 1956ನೆಯ ನವೆಂಬರ್ 1ರಂದು ಮದರಾಸಿನಿಂದ ಮಲ್ಪೆಯೂ ಹೈದರಾಬಾದಿನಿಂದ ಕಲಬುರಗಿಯೂ ಬಂದು ಒಂದೇ ರಾಜ್ಯದಲ್ಲಿ ಕೂಡಿದುವು. ಆ ದಿನ ಕಲಬುರಗಿಯು ಬಂದುದು ದಂಡಿನ ಹಿಂದೆ ಅಲ್ಲ, ಶಾಸನದ ಮಾರ್ಗದಲ್ಲಿ. ಖಡ್ಗವು ಸಕಾಲದಲ್ಲಿ ಒರೆ ಸೇರಿದುದರ ಫಲ ಇದೇ ಅಲ್ಲವೆ?