ಹೊರಾಂಗಣ ವಿಹಾರದಿಂದ ಕೃಷ್ಣಮೃಗಗಳ ವರ್ತನೆಯ ಮೇಲಾಗುವ ಪರಿಣಾಮಗಳು: ಸಾರ್ವಜನಿಕ ಮಾಹಿತಿ

1. ಪೀಠಿಕೆ

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಹಾಗೂ ನೆಲಮಂಗಲ ತಾಲ್ಲೂಕುಗಳ ನಾಗರಿಕರು ರಜಾ ದಿನಗಳಲ್ಲಿ ಮಾಕಳಿದುರ್ಗ ಮುಂತಾದ ಬೆಟ್ಟಗಳಿಗೆ ಚಾರಣ ಹೋಗುವುದುಂಟು. ನೆರೆಯ ತುಮಕೂರು ಜಿಲ್ಲೆಯ ಮೈದನಹಳ್ಳಿಗೆ ಕೃಷ್ಣಮೃಗಗಳನ್ನು ನೋಡಲು ತೆರಳುವವರೂ ಇದ್ದಾರೆ. ಇಂತಹ ಸ್ಥಳಗಳಲ್ಲಿ ನಿಗದಿತ ದಾರಿಯನ್ನು ಬಿಟ್ಟು ಹೋಗಬಾರದೆಂದು ಸೂಚಿಸಲು ಕಾರಣವೇನು ಎಂಬುದನ್ನು ವಿವರಿಸುವುದೇ ಈ ಪುಟದ ಉದ್ದೇಶವಾಗಿರುತ್ತದೆ.

2. ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಳಿ ಇರುವ ಸುಮಾರು 798 ಎಕರೆ ಹುಲ್ಲುಗಾವಲು ಪ್ರದೇಶವನ್ನು 2007ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ದೇವರಾಯನದುರ್ಗದಲ್ಲಿ ಹುಟ್ಟಿ ಉತ್ತರ ಪಿನಾಕಿನಿಯನ್ನು ಸೇರುವ ಜಯಮಂಗಲಿ ನದಿಯಿಂದ ಇದಕ್ಕೆ ಈ ಹೆಸರು ಬಂದಿದೆ. ಆಡುಮಾತಿನಲ್ಲಿ ಜಿಂಕೆಯೆಂದೇ ಕರೆಯಲ್ಪಡುವ ಕೃಷ್ಣಮೃಗವು ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ಅನುಸೂಚಿ 1ರಲ್ಲಿ ಸೇರಿರುತ್ತದೆ. ಮೀಸಲಿನ ಸುತ್ತಲೂ ಹಳ್ಳಿಗಳೂ ಹೊಲಗಳೂ ಇರುವುದರಿಂದ, ಬೆದರಿದ ಹಿಂಡಿಗೆ ಓಡಿಹೋಗಲು ಬೇರೆ ವಿಶಾಲ ಪ್ರದೇಶವಿರುವುದಿಲ್ಲ.

3. ಓಟದಿಂದಾಗುವ ನಷ್ಟ

ಕೃಷ್ಣಮೃಗವು ಬಯಲಿನ ಪ್ರಾಣಿ. ದೂರದಿಂದಲೇ ಅಪಾಯವನ್ನು ಕಂಡು ಓಡಿ ಪಾರಾಗುವುದೇ ಅದರ ರಕ್ಷಣಾ ಕ್ರಮ. ಮನುಷ್ಯರು ಸಮೀಪಿಸಿದಾಗ ಮೊದಲು ಮೇಯುವುದನ್ನು ನಿಲ್ಲಿಸಿ ತಲೆಯೆತ್ತಿ ನೋಡುತ್ತದೆ, ನಂತರ ಸರಿಯುತ್ತದೆ, ಕೊನೆಗೆ ನೆಗೆದು ಓಡುತ್ತದೆ. ನೋಡುವವರಿಗೆ ಈ ಓಟ ಮನೋಹರವಾಗಿ ಕಂಡರೂ ಪ್ರಾಣಿಯ ಪಾಲಿಗೆ ಅದು ವೆಚ್ಚವೇ. ಮೇಯುವ ಹಾಗೂ ಮೆಲುಕು ಹಾಕುವ ಸಮಯವು ಕಡಿಮೆಯಾಗುತ್ತದೆ ಮತ್ತು ಶಕ್ತಿಯು ವ್ಯಯವಾಗುತ್ತದೆ. ಬೇಸಿಗೆಯಲ್ಲಿ ಹುಲ್ಲು ಒಣಗಿ ನೀರು ವಿರಳವಾದಾಗ ಈ ಕೊರತೆಯನ್ನು ತುಂಬಿಕೊಳ್ಳುವುದು ಕಷ್ಟ.

ಹೆಣ್ಣು ಕೃಷ್ಣಮೃಗವು ಸಾಮಾನ್ಯವಾಗಿ ಒಂದು ಮರಿಯನ್ನು ಈಯುತ್ತದೆ. ಮೊದಲ ಕೆಲವು ದಿನಗಳು ಮರಿಯು ಹುಲ್ಲಿನಲ್ಲಿ ಅಲುಗಾಡದೆ ಅಡಗಿರುತ್ತದೆ, ತಾಯಿಯು ಆಗಾಗ್ಗೆ ಬಂದು ಹಾಲೂಡಿಸುತ್ತದೆ. ಸಮೀಪದಲ್ಲಿ ಜನರಿದ್ದಲ್ಲಿ ತಾಯಿಯು ಹಿಂದಿರುಗಲು ಹಿಂಜರಿಯಬಹುದು. ಅಂತಹ ಮರಿಯನ್ನು ಅನಾಥವೆಂದು ಭಾವಿಸಿ ಎತ್ತಿಕೊಂಡು ಬಂದಲ್ಲಿ, ರಕ್ಷಿಸುವ ಉದ್ದೇಶವೇ ಅದನ್ನು ತಾಯಿಯಿಂದ ಅಗಲಿಸಿದಂತಾಗುತ್ತದೆ.

4. ಅಧ್ಯಯನದಿಂದ ತಿಳಿದುಬಂದ ಅಂಶ

ಈ ವಿಷಯದಲ್ಲಿ ಅಮೆರಿಕದ ಮರುಭೂಮಿಯ ಕಾಡುಕುರಿಗಳನ್ನು ಕುರಿತ ಅಧ್ಯಯನವು ಉಪಯುಕ್ತವಾಗಿದೆ. ಯೂಟಾ ರಾಜ್ಯದ ಕ್ಯಾನಿಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ, ನಡೆದು ಬರುವವರು ಎದುರಾದ ಸಂದರ್ಭಗಳ ಪೈಕಿ ಶೇ. 61ರಲ್ಲಿ ಕುರಿಗಳು ಓಡಿಹೋದವು. ವಾಹನಗಳಿಗೆ ಸಂಬಂಧಿಸಿದಂತೆ ಈ ಪ್ರಮಾಣ ಶೇ. 17 ಹಾಗೂ ಬೈಸಿಕಲ್ ಸವಾರರಿಗೆ ಸಂಬಂಧಿಸಿದಂತೆ ಶೇ. 6 ಆಗಿತ್ತು. ನಡೆಯುವವರು ಅನಿರೀಕ್ಷಿತ ಸ್ಥಳಗಳಲ್ಲಿ ಕಾಣಿಸಿಕೊಂಡು ನೇರವಾಗಿ ಪ್ರಾಣಿಗಳತ್ತ ಸಾಗುತ್ತಿದ್ದುದೇ ಇದಕ್ಕೆ ಸಂಭವನೀಯ ಕಾರಣವೆಂದು ಅಧ್ಯಯನಕಾರರು ಅಭಿಪ್ರಾಯಪಟ್ಟರು. ವಾಹನಗಳಾದರೋ ಗೊತ್ತಾದ ರಸ್ತೆಯಲ್ಲಿಯೇ ಸಂಚರಿಸುತ್ತಿದ್ದವು. ಆದ್ದರಿಂದ ಹುಲ್ಲುಗಾವಲಿನೊಳಗೆ ವಾಹನ ನುಗ್ಗಿಸಲು ಈ ಅಂಕಿಅಂಶವು ಆಧಾರವಾಗುವುದಿಲ್ಲ.

ಅರಿಜೋನಾದ ಟೂಸಾನ್ ನಗರಕ್ಕೆ ಹೊಂದಿಕೊಂಡ ಬೆಟ್ಟಗಳಲ್ಲಿ ಇದೇ ಜಾತಿಯ ಕುರಿಗಳು 1990ರ ದಶಕದಲ್ಲಿ ಕಣ್ಮರೆಯಾದವು. ನಗರದ ವಿಸ್ತರಣೆ ಹಾಗೂ ಜನರ, ನಾಯಿಗಳ ಓಡಾಟವು ಇದಕ್ಕೆ ಹೇಳಲಾದ ಕಾರಣಗಳಲ್ಲಿ ಸೇರಿವೆ. 2013ರಿಂದ ಅಲ್ಲಿಗೆ ಕುರಿಗಳನ್ನು ಮರಳಿ ತಂದು ಬಿಡಬೇಕಾಯಿತು. ನಗರವು ಬೆಳೆಯುತ್ತಾ ಬಂದಿರುವ ನಮ್ಮ ಜಿಲ್ಲೆಗೂ ಇದು ಗಮನಾರ್ಹ.

ಪ್ರಾಣಿಯು ಮುಂಗಾಣಬಹುದಾದ ರೀತಿಯಲ್ಲಿ ಮನುಷ್ಯನು ಸಂಚರಿಸಿದಲ್ಲಿ ತೊಂದರೆಯು ಬಹುಮಟ್ಟಿಗೆ ತಗ್ಗುತ್ತದೆ ಎಂಬುದೇ ಇದರ ಸಾರಾಂಶ.

5. ಕಾನೂನು ಮತ್ತು ಅನುಮತಿ

ಸಂರಕ್ಷಣಾ ಮೀಸಲುಗಳಿಗೆ ಸಂಬಂಧಿಸಿದ ಕಲಂ 36-ಎ ಮೂಲಕ ಅಧಿನಿಯಮದ ಕಲಂ 27(4) ಹಾಗೂ ಕಲಂ 30 ಅಲ್ಲಿಯೂ ಅನ್ವಯವಾಗುತ್ತವೆ. ಅದರಂತೆ ವನ್ಯಪ್ರಾಣಿಗಳನ್ನು ಕೆಣಕುವುದು, ಪೀಡಿಸುವುದು, ಕಸ ಎಸೆಯುವುದು ಹಾಗೂ ಬೆಂಕಿ ಹಚ್ಚುವುದು ನಿಷಿದ್ಧ. ಚಾರಣಕ್ಕೆ ಸಂಬಂಧಿಸಿದಂತೆ, ರಾಜ್ಯದಲ್ಲಿ 2024ರ ಅಕ್ಟೋಬರ್‌ನಲ್ಲಿ "ಅರಣ್ಯ ವಿಹಾರ" ಆನ್‌ಲೈನ್ ಮುಂಗಡ ಕಾಯ್ದಿರಿಸುವಿಕೆಯ ವ್ಯವಸ್ಥೆಯನ್ನು ಜಾರಿಗೆ ತರಲಾಗಿದೆ. ಹೊರಡುವ ಮೊದಲು ಚಾರಣ ಪಥವು ತೆರೆದಿರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು.

6. ಸಂದರ್ಶಕರಿಗೆ ಸೂಚನೆಗಳು

ಅ) ನಿಗದಿತ ದಾರಿಯಲ್ಲಿ ಮಾತ್ರ ಸಂಚರಿಸಿರಿ. ವಾಹನವನ್ನು ಹುಲ್ಲಿನ ಮೇಲೆ ಚಲಾಯಿಸಬೇಡಿರಿ.
ಆ) ಹಿಂಡು ತಲೆಯೆತ್ತಿ ನೋಡತೊಡಗಿದರೆ ಅಲ್ಲಿಯೇ ನಿಲ್ಲಿರಿ. ಅದು ಸರಿಯತೊಡಗಿದರೆ ಹಿಂದಕ್ಕೆ ಹೋಗಿರಿ.
ಇ) ಛಾಯಾಚಿತ್ರಕ್ಕಾಗಿ ಹಿಂಡನ್ನು ಓಡಿಸಬೇಡಿರಿ, ಸುತ್ತುವರಿಯಬೇಡಿರಿ.
ಈ) ಸಾಕುನಾಯಿಗಳನ್ನು ಕರೆತರಬೇಡಿರಿ.
ಉ) ಒಂಟಿ ಮರಿಯನ್ನು ಕಂಡಲ್ಲಿ ಮುಟ್ಟದೆ ದೂರ ಸರಿದು, ಅರಣ್ಯ ಸಿಬ್ಬಂದಿಗೆ ತಿಳಿಸಿರಿ.
ಊ) ನೀರಿನ ತಾಣಗಳ ಬಳಿ ಕುಳಿತು ಊಟ ಮಾಡುವುದನ್ನು ತಪ್ಪಿಸಿರಿ. ಜನರಿರುವವರೆಗೆ ಪ್ರಾಣಿಗಳು ನೀರಿಗೆ ಬರಲು ಅಂಜುತ್ತವೆ.

ತಾವು ಹಿಂದಿರುಗುವಾಗಲೂ ಹಿಂಡು ಅದೇ ಸ್ಥಳದಲ್ಲಿ ಮೇಯುತ್ತಿದ್ದಲ್ಲಿ ತಮ್ಮ ಭೇಟಿಯು ಸರಿಯಾದ ರೀತಿಯಲ್ಲಿ ನಡೆದಿದೆಯೆಂದು ತಿಳಿಯಬಹುದು. ಸಾರ್ವಜನಿಕರು ಸಹಕರಿಸಬೇಕೆಂದು ಕೋರಲಾಗಿದೆ.