ಇಂಗ್ಲಿಷ್ ರೀಡಿಂಗ್ ಪರೀಕ್ಷೆ: ‘ಹೊಂದಿಸಿ ಬರೆಯಿರಿ’ ಪ್ರಶ್ನೆಗಳಲ್ಲಿ ಅಂಕ ಎಲ್ಲಿ ಜಾರುತ್ತೆ, ಹೇಗೆ ಉಳಿಸಿಕೊಳ್ಳೋದು?

ನರ್ಸಿಂಗ್ ಮುಗಿಸಿ ಇಂಗ್ಲೆಂಡಿಗೆ ಹೋಗಬೇಕು ಅಂತಿರೋ ಮಗಳು, ಹೊರದೇಶದಲ್ಲಿ ಓದಬೇಕು ಅಂತಿರೋ ಮಗ. ಇಂಥವರು ಇರುವ ಮನೆಯಲ್ಲಿ ‘ಐಇಎಲ್‌ಟಿಎಸ್’ ಅನ್ನೋ ಹೆಸರು ದಿನಾ ಕೇಳಿಬರುತ್ತೆ. ಒಂದು ಸಲ ಪರೀಕ್ಷೆ ಬರೆಯೋಕೆ ಶುಲ್ಕವೇ ಹದಿನೈದು ಸಾವಿರ ರೂಪಾಯಿ ದಾಟುತ್ತದೆ. ಬೆಂಗಳೂರಿಗೆ ಹೋಗಿ ಬರೋ ಖರ್ಚು, ಉಳಿದುಕೊಳ್ಳೋ ಖರ್ಚು ಬೇರೆ. ಒಂದೇ ಒಂದು ಅಂಕದಲ್ಲಿ ಹೋದರೂ ಮತ್ತೆ ದುಡ್ಡು ಕಟ್ಟಿ ಬರೆಯಬೇಕು.

ಆ ಒಂದು ಅಂಕ ಹೆಚ್ಚಾಗಿ ಜಾರುವ ಜಾಗಗಳಲ್ಲಿ ಒಂದು, ರೀಡಿಂಗ್ ಪತ್ರಿಕೆಯಲ್ಲಿ ಬರುವ ಹೊಂದಿಸುವ ಪ್ರಶ್ನೆಗಳು. ಅವು ಯಾವ ಥರ ಇರುತ್ತವೆ, ಹೇಗೆ ಬಿಡಿಸಬೇಕು ಅನ್ನೋದನ್ನ ಇಲ್ಲಿ ಒಂದೊಂದಾಗಿ ಕೊಟ್ಟಿದ್ದೇವೆ.

ಮೊದಲು ಲೆಕ್ಕ ತಿಳಿದುಕೊಳ್ಳಿ

ಐಇಎಲ್‌ಟಿಎಸ್ ರೀಡಿಂಗ್‌ಗೆ 60 ನಿಮಿಷ, 40 ಪ್ರಶ್ನೆ, ಮೂರು ಭಾಗ. ಪ್ರತಿ ಪ್ರಶ್ನೆಗೆ ಒಂದು ಅಂಕ. ಕಾಗದದ ಮೇಲೆ ಬರೆಯುವವರಿಗೆ ಉತ್ತರ ಹಾಳೆ ತುಂಬೋಕೆ ಅಂತ ಬೇರೆ ಸಮಯ ಕೊಡುವುದಿಲ್ಲ, ಅದೇ 60 ನಿಮಿಷದೊಳಗೆ ಮುಗಿಸಬೇಕು.

ಪತ್ರಿಕೆ ಎರಡು ಬಗೆ. ಓದಲು ಅಥವಾ ವೃತ್ತಿ ನೋಂದಣಿಗೆ ಹೋಗುವವರಿಗೆ ಸಾಮಾನ್ಯವಾಗಿ ಅಕಾಡೆಮಿಕ್, ಕೆಲಸಕ್ಕೆ ಹೋಗಿ ನೆಲೆಸುವವರಿಗೆ ಜನರಲ್ ಟ್ರೈನಿಂಗ್. ರೀಡಿಂಗ್‌ನಲ್ಲಿ ಬ್ಯಾಂಡ್ 7 ಬರಬೇಕಾದರೆ ಅಕಾಡೆಮಿಕ್‌ನಲ್ಲಿ 40ಕ್ಕೆ ಸುಮಾರು 30 ಸರಿ ಇರಬೇಕು, ಜನರಲ್ ಟ್ರೈನಿಂಗ್‌ನಲ್ಲಿ ಸುಮಾರು 34. ಪತ್ರಿಕೆ ಎಷ್ಟು ಕಷ್ಟ ಅನ್ನೋದರ ಮೇಲೆ ಈ ಲೆಕ್ಕ ಸ್ವಲ್ಪ ಆಚೀಚೆ ಆಗುತ್ತದೆ.

ಬ್ರಿಟನ್ನಿನಲ್ಲಿ ನರ್ಸ್ ಆಗಿ ನೋಂದಣಿ ಮಾಡಿಸುವವರು ಐಇಎಲ್‌ಟಿಎಸ್ ದಾರಿ ಹಿಡಿದರೆ ರೀಡಿಂಗ್, ಲಿಸನಿಂಗ್, ಸ್ಪೀಕಿಂಗ್ ಮೂರರಲ್ಲೂ 7, ರೈಟಿಂಗ್‌ನಲ್ಲಿ 6.5 ತೋರಿಸಬೇಕು. ರೀಡಿಂಗ್‌ನಲ್ಲಿ 6.5ಕ್ಕೆ ನಿಂತರೆ ಮಾತಾಡೋದರಲ್ಲಿ 8 ಬಂದಿದ್ದರೂ ಅದು ಈ ಕೊರತೆ ತುಂಬುವುದಿಲ್ಲ. ಎರಡು ಮೂರು ಹೊಂದಿಸುವ ಪ್ರಶ್ನೆ ತಪ್ಪಿದರೆ ಏನಾಗುತ್ತೆ ಅನ್ನೋದು ಇದರಿಂದಲೇ ಗೊತ್ತಾಗುತ್ತದೆ.

ಒಂದು ಸಮಾಧಾನ: ನೀಟ್ ಪರೀಕ್ಷೆಯಂತೆ ಇಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಆದ್ದರಿಂದ ಒಂದೂ ಖಾಲಿ ಬಿಡಬಾರದು.

ಶಾಲೆಯ ಅಭ್ಯಾಸ ಇಲ್ಲಿ ಕೈಕೊಡುತ್ತೆ

ನಾವೆಲ್ಲ ಶಾಲೆಯಲ್ಲಿ ‘ಹೊಂದಿಸಿ ಬರೆಯಿರಿ’ ಬರೆದವರೇ. ಅ ಪಟ್ಟಿಯಲ್ಲಿ ನಾಲ್ಕು, ಬ ಪಟ್ಟಿಯಲ್ಲಿ ನಾಲ್ಕು. ಮೂರು ಗೊತ್ತಿದ್ದರೆ ನಾಲ್ಕನೆಯದು ತಾನಾಗಿ ಬಂತು. ಪಾಠದಲ್ಲಿದ್ದ ಪದವೇ ಪ್ರಶ್ನೆಯಲ್ಲೂ ಇರುತ್ತಿತ್ತು.

ಇಲ್ಲಿ ಇವೆರಡೂ ಇಲ್ಲ. ಆಯ್ಕೆಗಳು ಬೇಕಾದ್ದಕ್ಕಿಂತ ಜಾಸ್ತಿ ಇರುತ್ತವೆ, ಇಲ್ಲವೇ ಒಂದೇ ಅಕ್ಷರ ಎರಡು ಸಲ ಉತ್ತರವಾಗಬಹುದು. ಪ್ರಶ್ನೆಯಲ್ಲಿರುವ ಪದ ಸರಿ ಉತ್ತರದಲ್ಲಿ ಸಾಮಾನ್ಯವಾಗಿ ಇರೋದೇ ಇಲ್ಲ. ತಪ್ಪು ಉತ್ತರದಲ್ಲಿ ಅದೇ ಪದ ಕಣ್ಣಿಗೆ ಹೊಡೆಯೋ ಹಾಗೆ ಕೂತಿರುತ್ತದೆ. ಪದ ನೋಡಿ ಹೊಂದಿಸಿದವರು ಅಲ್ಲೇ ಬೀಳುತ್ತಾರೆ.

ಅಂಗಡಿ ನಡೆಸುವವರಿಗೆ ಇದು ಬೇಗ ಅರ್ಥವಾಗುತ್ತೆ. ಗಿರಾಕಿ ಬಂದು ‘ಬಿಳಿ ಶರ್ಟು, 40 ಸೈಜು, ತುಂಬುತೋಳು, ಐನೂರರ ಒಳಗೆ’ ಅಂತಾರೆ. ಹೊಸ ಹುಡುಗ ‘ಬಿಳಿ ಶರ್ಟು’ ಅನ್ನೋದಷ್ಟೇ ಕೇಳಿಸಿಕೊಂಡು ಅರ್ಧತೋಳಿನದು ತಂದಿಡ್ತಾನೆ. ಅನುಭವಸ್ಥ ನಾಲ್ಕೂ ಮಾತು ಕೇಳಿ, ನಾಲ್ಕೂ ಸೇರುವ ಒಂದನ್ನೇ ತೆಗೀತಾನೆ. ಹೊಂದಿಸುವ ಪ್ರಶ್ನೆ ಬಿಡಿಸೋದು ಕೂಡ ಇಷ್ಟೇ ಕೆಲಸ.

1. ಜನರಿಗೆ ಜಾಹೀರಾತು ಹೊಂದಿಸುವುದು

ಕೇಂಬ್ರಿಜ್‌ನ ಬಿ1 ಪ್ರಿಲಿಮಿನರಿ ಪರೀಕ್ಷೆಯಲ್ಲಿ ಐದು ಜನರ ಬೇಡಿಕೆ, ಎಂಟು ಚಿಕ್ಕ ಪಠ್ಯ ಕೊಡುತ್ತಾರೆ. ಐಇಎಲ್‌ಟಿಎಸ್ ಜನರಲ್ ಟ್ರೈನಿಂಗ್‌ನ ಮೊದಲ ಭಾಗದಲ್ಲೂ ಸಣ್ಣ ಸಣ್ಣ ಜಾಹೀರಾತು, ಸೂಚನೆಗಳ ಮೇಲೆ ಇದೇ ಜಾತಿಯ ಪ್ರಶ್ನೆ ಬರುತ್ತವೆ.

ನಾವೇ ಮಾಡಿದ ಒಂದು ಉದಾಹರಣೆ ನೋಡಿ. ಒಬ್ಬರು ಸೋಮವಾರದಿಂದ ಶುಕ್ರವಾರದವರೆಗೆ ಕೆಲಸಕ್ಕೆ ಹೋಗುತ್ತಾರೆ. ಹೊಲಿಗೆ ಕಲಿಯಬೇಕು. ಮನೆಯಲ್ಲಿ ಮಷೀನ್ ಇಲ್ಲ.

ಎ: ಹೊಲಿಗೆ ತರಗತಿ. ಸೋಮವಾರದಿಂದ ಶುಕ್ರವಾರ, ಬೆಳಗ್ಗೆ 10ಕ್ಕೆ. ಮಷೀನ್ ನಾವೇ ಕೊಡುತ್ತೇವೆ.
ಬಿ: ಹೊಲಿಗೆ ತರಗತಿ. ಶನಿವಾರ ಮಾತ್ರ. ನಿಮ್ಮ ಮಷೀನ್ ನೀವೇ ತರಬೇಕು.
ಸಿ: ನಿಮ್ಮ ಬಟ್ಟೆ ನೀವೇ ತಯಾರಿಸಿ! ವಾರಾಂತ್ಯದಲ್ಲಿ. ಎಲ್ಲ ಸಲಕರಣೆ ಶುಲ್ಕದಲ್ಲೇ ಸೇರಿದೆ.

ಎ ಮತ್ತು ಬಿ ಎರಡರಲ್ಲೂ ‘ಹೊಲಿಗೆ’, ‘ಮಷೀನ್’ ಅನ್ನೋ ಪದ ಇದೆ. ಸಿ ಯಲ್ಲಿ ಎರಡೂ ಇಲ್ಲ. ಆದರೂ ಉತ್ತರ ಸಿ. ಎ ಗೆ ಸಮಯ ಹೊಂದಲ್ಲ, ಬಿ ಗೆ ಮಷೀನ್ ಇಲ್ಲ.

ಬಿಡಿಸುವ ಕ್ರಮ ಹೀಗಿರಲಿ: ಮೊದಲು ಜನರ ಬೇಡಿಕೆ ಓದಿ, ಪ್ರತಿಯೊಂದು ಷರತ್ತಿಗೂ ಗೆರೆ ಎಳೆಯಿರಿ. ಮೂರು ಷರತ್ತು ಇದ್ದರೆ ಮೂರು ಗೆರೆ. ಆಮೇಲೆ ಜಾಹೀರಾತು ಓದುತ್ತಾ ಒಂದೊಂದೇ ಷರತ್ತಿಗೆ ಟಿಕ್ ಹಾಕಿ. ಎರಡು ಟಿಕ್ ಬಂದು ಮೂರನೆಯದು ಬರದಿದ್ದರೆ ಅದನ್ನು ಬಿಟ್ಟುಬಿಡಿ. ‘ಹತ್ತಿರ ಹತ್ತಿರ ಸರಿ’ ಅನ್ನೋ ಉತ್ತರ ಇಲ್ಲಿ ಇಲ್ಲ.

2. ಪ್ಯಾರಾಗೆ ತಲೆಬರಹ ಹೊಂದಿಸುವುದು

ಪ್ಯಾರಾಗಳಿಗೆ ಎ, ಬಿ, ಸಿ ಅಂತ ಅಕ್ಷರ, ತಲೆಬರಹಗಳಿಗೆ ರೋಮನ್ ಅಂಕಿ. ತಲೆಬರಹಗಳು ಪ್ಯಾರಾಗಳಿಗಿಂತ ಹೆಚ್ಚು ಇರುತ್ತವೆ. ಒಂದು ತಲೆಬರಹ ಒಂದೇ ಸಲ ಬಳಕೆ.

ಇಲ್ಲಿ ಆಗುವ ತಪ್ಪು ಏನೆಂದರೆ, ಪ್ಯಾರಾದ ಮೊದಲ ವಾಕ್ಯ ನೋಡಿ ತಲೆಬರಹ ಹಾಕಿಬಿಡೋದು. ಒಂದು ಪ್ಯಾರಾ ಹೀಗಿದೆ ಅಂದುಕೊಳ್ಳಿ: ‘ಮೊದಮೊದಲು ಸೈಕಲ್ ಶ್ರೀಮಂತರ ಆಟದ ವಸ್ತುವಾಗಿತ್ತು. ಆದರೆ ಬೆಲೆ ಇಳಿದ ಮೇಲೆ ಕೂಲಿ ಕೆಲಸದವರೂ ಕೊಂಡರು. ದೂರದ ಕಾರ್ಖಾನೆಯಲ್ಲೂ ಕೆಲಸ ಹಿಡಿಯಲು ಸಾಧ್ಯವಾಯಿತು. ನಡೆದು ಹೋಗುವ ಎರಡು ಗಂಟೆ ಉಳಿಯಿತು.’

ಆಯ್ಕೆ ಒಂದು: ಶ್ರೀಮಂತರ ಹವ್ಯಾಸ. ಆಯ್ಕೆ ಎರಡು: ದುಡಿಯುವ ಜನರ ಬದುಕಿಗೆ ಬಂದ ಅನುಕೂಲ. ಆಯ್ಕೆ ಮೂರು: ಸೈಕಲ್ ಬೆಲೆ ಇಳಿಯಲು ಕಾರಣ.

ಉತ್ತರ ಎರಡನೆಯದು. ಶ್ರೀಮಂತರ ಮಾತು ಒಂದೇ ವಾಕ್ಯಕ್ಕೆ ಮುಗಿಯಿತು. ಬೆಲೆ ಇಳಿದ ಮಾತು ಬಂತು, ಆದರೆ ಯಾಕೆ ಇಳಿಯಿತು ಅನ್ನೋದು ಇಲ್ಲ. ‘ಬಟ್’, ‘ಹೌಎವರ್’, ‘ಯೆಟ್’ ಅನ್ನೋ ಪದ ಬಂದ ಕೂಡಲೇ ಎಚ್ಚರ ಆಗಿ. ಪ್ಯಾರಾದ ನಿಜವಾದ ವಿಷಯ ಎಷ್ಟೋ ಸಲ ಅದರ ನಂತರ ಶುರುವಾಗುತ್ತದೆ.

ಒಂದು ಉಪಾಯ: ತಲೆಬರಹದ ಪಟ್ಟಿಯ ಮೇಲೆ ಒಮ್ಮೆ ಕಣ್ಣಾಡಿಸಿ. ಆಮೇಲೆ ಪ್ಯಾರಾ ಓದಿ, ಪಕ್ಕದಲ್ಲಿ ನಿಮ್ಮದೇ ಎರಡು ಮೂರು ಪದ ಬರೆದುಕೊಳ್ಳಿ. ಕನ್ನಡದಲ್ಲೇ ಬರೆದರೂ ಅಡ್ಡಿಯಿಲ್ಲ, ‘ಕೂಲಿಯವರಿಗೆ ಲಾಭ’ ಅಂದರೆ ಸಾಕು. ಆಮೇಲೆ ಪಟ್ಟಿಯಲ್ಲಿ ಅದಕ್ಕೆ ಹತ್ತಿರ ಇರೋದನ್ನು ಹುಡುಕಿ. ಎರಡು ತಲೆಬರಹಗಳ ನಡುವೆ ಅನುಮಾನ ಬಂದರೆ ಎರಡನ್ನೂ ಬರೆದಿಟ್ಟು ಮುಂದೆ ಹೋಗಿ. ಮುಂದಿನ ಪ್ಯಾರಾ ಅವೆರಡರಲ್ಲಿ ಒಂದನ್ನು ತಾನೇ ತಗೊಂಡು ಹೋಗಬಹುದು.

3. ಮಾಹಿತಿ ಯಾವ ಪ್ಯಾರಾದಲ್ಲಿದೆ ಹುಡುಕುವುದು

ಹೆಚ್ಚು ಸಮಯ ತಿನ್ನೋದು ಇದು. ಪ್ರಶ್ನೆಗಳು ಪಠ್ಯದ ಕ್ರಮದಲ್ಲಿ ಬರುವುದಿಲ್ಲ. ಒಂದೇ ಪ್ಯಾರಾ ಎರಡು ಸಲ ಉತ್ತರವಾಗಬಹುದು, ಕೆಲವು ಪ್ಯಾರಾಗಳಿಗೆ ಪ್ರಶ್ನೆಯೇ ಇಲ್ಲದಿರಬಹುದು. ‘ಒಂದೇ ಅಕ್ಷರ ಮತ್ತೆ ಬಳಸಬಹುದು’ ಅನ್ನೋ ಸೂಚನೆ ಇದೆಯಾ ನೋಡಿಕೊಳ್ಳಿ.

ಪ್ರಶ್ನೆಯ ಮೊದಲ ಎರಡು ಮೂರು ಪದಗಳೇ ಇಲ್ಲಿ ಸುಳಿವು. ‘ಎ ರೀಸನ್’ ಅಂದರೆ ಕಾರಣ ಹುಡುಕಬೇಕು. ‘ಆ್ಯನ್ ಎಗ್ಸಾಂಪಲ್’ ಅಂದರೆ ಉದಾಹರಣೆ. ‘ಎ ಕಂಪ್ಯಾರಿಸನ್’ ಅಂದರೆ ಎರಡು ವಸ್ತುಗಳ ಹೋಲಿಕೆ. ವಿಷಯ ಇದ್ದೂ ಕಾರಣ ಹೇಳದ ಪ್ಯಾರಾ ಉತ್ತರ ಆಗಲ್ಲ.

ಇದನ್ನು ಆ ಪಠ್ಯದ ಪ್ರಶ್ನೆಗಳಲ್ಲಿ ಕೊನೆಗೆ ಇಟ್ಟುಕೊಳ್ಳಿ. ಬೇರೆ ಪ್ರಶ್ನೆ ಬಿಡಿಸೋವಾಗ ಪಠ್ಯ ಹೇಗೂ ಒಮ್ಮೆ ಓದಿ ಆಗಿರುತ್ತೆ, ಎಲ್ಲಿ ಏನಿದೆ ಅನ್ನೋ ಅಂದಾಜು ಸಿಕ್ಕಿರುತ್ತೆ.

4. ಹೆಸರಿಗೆ ಹೇಳಿಕೆ ಹೊಂದಿಸುವುದು

ನಾಲ್ಕೈದು ವಿಜ್ಞಾನಿಗಳ ಹೆಸರು, ಕೆಳಗೆ ಅವರ ಅಭಿಪ್ರಾಯಗಳು. ಹೆಸರುಗಳು ದೊಡ್ಡಕ್ಷರದಿಂದ ಶುರುವಾಗುವುದರಿಂದ ಹುಡುಕೋದು ಸುಲಭ. ಮೊದಲು ಪಠ್ಯದಲ್ಲಿ ಎಲ್ಲ ಹೆಸರಿಗೂ ಗುರುತು ಹಾಕಿ. ಒಂದೇ ಹೆಸರು ಎರಡು ಮೂರು ಕಡೆ ಬರಬಹುದು, ಎಲ್ಲ ಕಡೆಯೂ ಓದಿ.

ಇಲ್ಲಿ ಇರುವ ಬಲೆ: ಒಬ್ಬರು ಬೇರೆಯವರ ಮಾತನ್ನು ಹೇಳಿ, ಆಮೇಲೆ ‘ನಾನು ಇದನ್ನು ಒಪ್ಪಲ್ಲ’ ಅಂತಾರೆ. ಹೆಸರಿನ ಪಕ್ಕದಲ್ಲೇ ಆ ಮಾತು ಇದ್ದರೂ ಅದು ಅವರ ಅಭಿಪ್ರಾಯ ಅಲ್ಲ.

5. ವಾಕ್ಯದ ಅರ್ಧಕ್ಕೆ ಇನ್ನರ್ಧ

ಇದರಲ್ಲಿ ಪ್ರಶ್ನೆಗಳು ಪಠ್ಯದ ಕ್ರಮದಲ್ಲೇ ಬರುತ್ತವೆ. ಮೊದಲರ್ಧ ಓದಿ, ಪಠ್ಯದಲ್ಲಿ ಆ ಜಾಗ ಹುಡುಕಿ, ಆಮೇಲಷ್ಟೇ ಆಯ್ಕೆಗಳನ್ನು ನೋಡಿ. ಮೊದಲೇ ಆಯ್ಕೆ ನೋಡಿದರೆ ವ್ಯಾಕರಣಕ್ಕೆ ಸರಿಹೋಗುವ ಮೂರ್ನಾಲ್ಕು ಸಿಕ್ಕಿ ತಲೆ ಕೆಡುತ್ತದೆ.

ನರ್ಸ್‌ಗಳಿಗೆ ಇನ್ನೊಂದು ದಾರಿ: ಒಇಟಿ

ಆರೋಗ್ಯ ವೃತ್ತಿಯವರಿಗೆಂದೇ ಇರುವ ಒಇಟಿ ಪರೀಕ್ಷೆಯನ್ನೂ ಬ್ರಿಟನ್ನಿನ ನರ್ಸಿಂಗ್ ನೋಂದಣಿಗೆ ಒಪ್ಪುತ್ತಾರೆ. ಅದರ ರೀಡಿಂಗ್‌ನ ಭಾಗ ಎ ಯಲ್ಲಿ ಒಂದೇ ವಿಷಯದ ಮೇಲೆ ನಾಲ್ಕು ಚಿಕ್ಕ ಪಠ್ಯ, 20 ಪ್ರಶ್ನೆ, ಬರೀ 15 ನಿಮಿಷ. ‘ಈ ಮಾಹಿತಿ ಯಾವ ಪಠ್ಯದಲ್ಲಿದೆ’ ಅಂತ ಹೊಂದಿಸುವ ಪ್ರಶ್ನೆಗಳು ಇಲ್ಲೂ ಇವೆ.

ನಾಲ್ಕನ್ನೂ ಪೂರ್ತಿ ಓದೋಕೆ ಹೋದರೆ ಸಮಯ ಸಾಲದು. ಮೊದಲ ಒಂದು ನಿಮಿಷದಲ್ಲಿ ಪ್ರತಿ ಪಠ್ಯದ ಶೀರ್ಷಿಕೆ, ಕೋಷ್ಟಕ, ಚಿತ್ರ ಮಾತ್ರ ನೋಡಿ: ಇದರಲ್ಲಿ ಔಷಧಿ ಪ್ರಮಾಣ, ಇದರಲ್ಲಿ ರೋಗಲಕ್ಷಣ, ಇದರಲ್ಲಿ ಚಿಕಿತ್ಸೆಯ ಹಂತ. ವಾರ್ಡ್‌ನಲ್ಲಿ ಕೇಸ್ ಶೀಟ್ ತಿರುವಿ ಬೇಕಾದ್ದನ್ನು ಹುಡುಕಿದ ಹಾಗೆ, ಪ್ರಶ್ನೆ ಬಂದಾಗ ಆ ಪಠ್ಯಕ್ಕೆ ನೇರ ಹೋಗಿ.

ಮನೆಯಲ್ಲಿ, ಅಂಗಡಿಯಲ್ಲಿ ಕೂತೇ ಅಭ್ಯಾಸ

ಜೋಡಿ ಪದಗಳ ಪುಸ್ತಕ ಒಂದಿರಲಿ. ಪ್ರಶ್ನೆಯಲ್ಲಿ ಯಾವ ಪದ ಇತ್ತು, ಪಠ್ಯದಲ್ಲಿ ಅದೇ ಅರ್ಥಕ್ಕೆ ಯಾವ ಪದ ಬಂತು ಅಂತ ಎದುರುಬದುರು ಬರೆಯಿರಿ. ‘ಫ್ರೀ’ ಎದುರು ‘ನೋ ಚಾರ್ಜ್’. ‘ಚೀಪ್’ ಎದುರು ‘ಅಫೋರ್ಡೆಬಲ್’. ‘ಚಿಲ್ಡ್ರನ್’ ಎದುರು ‘ಅಂಡರ್ ಟ್ವೆಲ್ವ್ಸ್’. ದಿನಕ್ಕೆ ಐದು ಜೋಡಿ ಅಂದರೂ ತಿಂಗಳಿಗೆ ನೂರೈವತ್ತು ಆಯಿತು.

ಇಂಗ್ಲಿಷ್ ಪತ್ರಿಕೆಯ ಸುದ್ದಿಯೊಂದರ ತಲೆಬರಹ ಕೈಯಿಂದ ಮುಚ್ಚಿ, ಸುದ್ದಿ ಓದಿ, ನೀವೇ ತಲೆಬರಹ ಕೊಡಿ. ಆಮೇಲೆ ಕೈ ತೆಗೆದು ಹೋಲಿಸಿ. ವಾರಂಟಿ ಕಾರ್ಡ್, ಔಷಧಿ ಡಬ್ಬಿಯೊಳಗಿನ ಚೀಟಿ ಕೂಡ ಒಳ್ಳೆ ಪಾಠವೇ. ‘ಮಕ್ಕಳಿಗೆ ಕೊಡಬಹುದಾ? ಎಷ್ಟು ಸಲ? ಎಲ್ಲಿ ಇಡಬೇಕು?’ ಅಂತ ಮೂರು ಪ್ರಶ್ನೆ ಬರೆದುಕೊಂಡು ಉತ್ತರ ಇರುವ ಸಾಲು ಬೇಗ ಹುಡುಕಿ.

ತಪ್ಪಾದ ಪ್ರಶ್ನೆಯನ್ನು ಹಾಗೇ ಬಿಟ್ಟು ಹೊಸ ಪತ್ರಿಕೆ ತೆಗೀಬೇಡಿ. ಸರಿ ಉತ್ತರದ ಸಾಲಿನ ಮೇಲೆ ಬೆರಳಿಟ್ಟು ‘ಇದಕ್ಕೇ ಇದು ಉತ್ತರ’ ಅಂತ ಹೇಳೋಕೆ ಬರಬೇಕು. ಬೆರಳಿಡೋಕೆ ಜಾಗ ಸಿಗದಿದ್ದರೆ ಅಂದಾಜಿನ ಮೇಲೆ ಬರೆದಿದ್ದೀರಿ ಅಂತಲೇ ಅರ್ಥ. ಮಾದರಿ ಪ್ರಶ್ನೆಗಳು ಪರೀಕ್ಷೆ ನಡೆಸುವ ಸಂಸ್ಥೆಗಳ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಕೇಂಬ್ರಿಜ್‌ನವರ ಅಭ್ಯಾಸ ಪುಸ್ತಕಗಳೂ ಇವೆ.

ಪೋಷಕರಿಗೆ ಎರಡು ಮಾತು

‘ಪ್ರಶ್ನೆಪತ್ರಿಕೆ ಮುಂಚೆಯೇ ಕೊಡ್ತೀವಿ’, ‘ಪರೀಕ್ಷೆ ಬರೆಯದೆ ಸರ್ಟಿಫಿಕೇಟ್ ಕೊಡಿಸ್ತೀವಿ’ ಅಂತ ಫೋನ್ ಬಂದರೆ ದುಡ್ಡು ಕೊಡಬೇಡಿ. ಫಲಿತಾಂಶ ಅಸಲಿಯಾ ಅಂತ ಆ ಕಡೆಯ ಕಾಲೇಜು, ಕಚೇರಿಗಳು ಆನ್‌ಲೈನ್‌ನಲ್ಲೇ ಪರಿಶೀಲಿಸುತ್ತವೆ. ಸಿಕ್ಕಿಬಿದ್ದರೆ ದುಡ್ಡಿನ ಜೊತೆ ಮಕ್ಕಳ ಅವಕಾಶವೂ ಹೋಗುತ್ತದೆ.

ಇನ್ನೊಂದು, ಐಇಎಲ್‌ಟಿಎಸ್ ಫಲಿತಾಂಶಕ್ಕೆ ಸಾಮಾನ್ಯವಾಗಿ ಎರಡು ವರ್ಷದ ಮಾನ್ಯತೆ. ನೋಂದಣಿ, ಪ್ರವೇಶದ ಕೆಲಸ ಯಾವಾಗ ಶುರು ಅಂತ ನೋಡಿಕೊಂಡೇ ದಿನಾಂಕ ಹಿಡಿಯಿರಿ. ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಬರೆದ ಮೂರ್ನಾಲ್ಕು ಪೂರ್ತಿ ಪತ್ರಿಕೆಗಳಲ್ಲಿ ಬೇಕಾದ ಅಂಕ ಸತತವಾಗಿ ಬರ್ತಿದೆ ಅನ್ನೋವಾಗ ಶುಲ್ಕ ಕಟ್ಟಿ. ಅಲ್ಲಿವರೆಗೆ ಆ ದುಡ್ಡು ನಿಮ್ಮ ಗಲ್ಲಾಪೆಟ್ಟಿಗೆಯಲ್ಲೇ ಇರಲಿ.